ಹಿನ್ನೀರಿನ ಹೂಳನ್ನು ಹೊಲಕ್ಕೆ ಹೊಡೆಸಬೇಕಾ, ಬೇಡವಾ? ಲೋಹ ಇದೆ ಅಂತಾರೆ

ಮಸಾರಿ_ಹೊಲ (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ತಾಲ್ಲೂಕು, ತುಂಗಭದ್ರಾ ಹಿನ್ನೀರಿಗೆ ಹತ್ತಿರದ ಊರು. ಹೊಲ ಪೂರ್ತಿ ಮಸಾರಿ, ಅಂದರೆ ಕೆಂಪು ಮರಳು ಮಣ್ಣು. ಎಷ್ಟು ಗೊಬ್ಬರ ಹಾಕಿದರೂ ಒಂದು ದೊಡ್ಡ ಮಳೆಗೆ ತೊಳೆದು ಹೋಗುತ್ತದೆ. ಬೇಸಿಗೆಯಲ್ಲಿ ಡ್ಯಾಂ ಇಳಿದ ಮೇಲೆ ಹೂಳು ಹೊಡೆಸೋಣ ಅಂತ ಟ್ರ್ಯಾಕ್ಟರ್‌ನವರ ಹತ್ತಿರ ಮಾತಾಡಿ ಇಟ್ಟಿದ್ದೆ. ಹೂಳಿಗೆ ದುಡ್ಡಿಲ್ಲ, ಬಾಡಿಗೆ ಮಾತ್ರ ನಮ್ಮದು.

ಅಷ್ಟರಲ್ಲಿ ತಂಗಿ ಮಗ ಫೋನ್ ಮಾಡಿದ. ಅವನು ಬೆಂಗಳೂರಲ್ಲಿ ಎಂ.ಎಸ್‌ಸಿ ಓದುತ್ತಿದ್ದಾನೆ. 'ಮಾವಾ, ನದಿ ಹೂಳಲ್ಲಿ ಸೀಸ, ಕ್ಯಾಡ್ಮಿಯಂ ಕೂತಿರುತ್ತದೆ, ಒಂದ್ಸಲ ಹೊಲಕ್ಕೆ ಬಿದ್ದರೆ ವಾಪಸ್ ಬರಲ್ಲ' ಅಂದ. ನಾನು ಅದೇ ನೀರಿನ ರಿಪೋರ್ಟ್ ನೋಡಿದ್ದೇನೆ, ಎಲ್ಲಾ ಮಿತಿಯೊಳಗೇ ಇತ್ತು. ನೀರು ಸರಿ ಇದ್ದು ಮಣ್ಣು ಕೆಟ್ಟಿರೋದು ಹೇಗೆ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಎರೆ_ಗದ್ದೆ (ಸಿಂಧನೂರು)

ಅಣ್ಣಾ, ಸುಮ್ನೆ ತಲೆ ಕೆಡಿಸ್ಕೋಬೇಡಿ. ನಮ್ಮ ಹಿರಿಯರು ಬೇಸಿಗೆ ಬಂದರೆ ಬಂಡಿ ಕಟ್ಟಿಕೊಂಡು ಕೆರೆ ಗೋಡು (ಹೂಳು) ಹೊಡೆಯುತ್ತಿದ್ದರು. ಯಾರಿಗೆ ಏನಾಯ್ತು? ಡ್ಯಾಂ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ 105 ಚಿಲ್ಲರೆ. ಬಾಕಿ 27 ಟಿಎಂಸಿ ಜಾಗದಲ್ಲಿ ಹೂಳೇ ಕೂತಿದೆ. ಎರಡನೇ ಬೆಳೆಗೆ ನೀರಿಲ್ಲ ಅಂತ ಪ್ರತಿ ವರ್ಷ ನಾವು ಕೆಳಗಿನವರು ಬಡಿದಾಡೋದು ಇದಕ್ಕೇ. ನೀವು ನಾಲ್ಕು ಟ್ರಾಲಿ ತೆಗೆದರೆ ನಮಗೂ ಅಷ್ಟು ಪುಣ್ಯ.

ಲೆಕ್ಕಪತ್ರ (ಬಳ್ಳಾರಿ)

ನಾಲ್ಕು ಟ್ರಾಲಿಯಿಂದ ಏನೂ ಆಗಲ್ಲ ಬಿಡ್ರಿ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. 27ಕ್ಕೆ 76 ಕೋಟಿ ಆಯ್ತು. 10 ಘನ ಮೀಟರ್ ಹಿಡಿಯುವ ಟಿಪ್ಪರ್ ಅಂದುಕೊಂಡರೂ ಏಳೂವರೆ ಕೋಟಿ ಲೋಡ್. ಅದನ್ನು ತಂದು ಸುರಿಯಲಿಕ್ಕೆ ಬೇರೆ ಜಿಲ್ಲೆಯೇ ಬೇಕು. ಅದಕ್ಕೇ ಹೂಳು ತೆಗೆಯುವ ಬದಲು ನವಲಿ ಹತ್ತಿರ ಇನ್ನೊಂದು ಸಮತೋಲನ ಜಲಾಶಯ ಕಟ್ಟಿ ನೀರು ಹಿಡಿಯುವ ಮಾತು ಬಂದದ್ದು.

ಲ್ಯಾಬ್_ಕೋಟು (ರಾಯಚೂರು)

ಮಸಾರಿ ಅಣ್ಣಾ, ನಿಮ್ಮ ತಂಗಿ ಮಗ ಪೂರ್ತಿ ತಪ್ಪು ಹೇಳಿಲ್ಲ, ಪೂರ್ತಿ ಸರಿಯೂ ಹೇಳಿಲ್ಲ. ನಾನು ಕೆಮಿಸ್ಟ್ರಿ ಪಾಠ ಮಾಡುವವಳು, ಮಣ್ಣು-ನೀರಿನ ಟೆಸ್ಟಿಂಗ್ ಕೆಲಸವನ್ನೂ ಕೆಲಕಾಲ ಮಾಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಕೆರೆ ಹೂಳಿಗೂ ಡ್ಯಾಂ ಹೂಳಿಗೂ ಒಂದು ವ್ಯತ್ಯಾಸ ಇದೆ. ನಿಮ್ಮೂರ ಕೆರೆಗೆ ಬರುವುದು ಸುತ್ತಲ ನಾಲ್ಕಾರು ಊರ ಮಣ್ಣು. ಆ ಊರಲ್ಲಿ ಫ್ಯಾಕ್ಟರಿ ಇದೆಯಾ, ಸುಡುವ ಕಸ ಇದೆಯಾ ನಿಮಗೇ ಗೊತ್ತು. ತುಂಗಭದ್ರಾ ಡ್ಯಾಂಗೆ ಸುಮಾರು 28,000 ಚದರ ಕಿ.ಮೀ. ಮಣ್ಣು ಬರುತ್ತದೆ. ಭದ್ರೆಯ ಮೇಲ್ಭಾಗದಲ್ಲಿ ಕುದುರೆಮುಖದ ಗಣಿ 2005ರ ಕೊನೆವರೆಗೂ ನಡೆದಿತ್ತು. ಭದ್ರಾವತಿಯಲ್ಲಿ ಕಬ್ಬಿಣ, ಕಾಗದ ಎರಡೂ ಇದ್ದವು. ಹರಿಹರದ ಹತ್ತಿರ ಕಾರ್ಖಾನೆ ನೀರಿಗೆ ಮೀನು ಸತ್ತು 1980ರ ದಶಕದಲ್ಲೇ ದೊಡ್ಡ ಹೋರಾಟ ಆಗಿತ್ತು. ಶಿವಮೊಗ್ಗ, ದಾವಣಗೆರೆ ಚರಂಡಿ ನೀರು ಕೊನೆಗೆ ಇದೇ ಹೊಳೆಗೆ. ಮಲೆನಾಡಿನ ಅಡಿಕೆ ತೋಟದವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, 100 ಲೀಟರ್‌ಗೆ ಒಂದು ಕೆಜಿ ಮೈಲುತುತ್ತು. ಅದರ ತಾಮ್ರವೂ ಮಳೆಯ ಜೊತೆ ಕೆಳಗೆ ಬರುತ್ತದೆ. ಯಾರೋ ಒಬ್ಬರ ತಲೆಗೆ ಕಟ್ಟುವ ವಿಷಯ ಅಲ್ಲ ಇದು.

ಇನ್ನು ನೀರು ಸರಿ ಇದ್ದು ಮಣ್ಣು ಕೆಡೋದು ಹೇಗೆ ಅಂತ ಕೇಳಿದ್ರಿ. ಲೋಹಗಳು ನೀರಿನಲ್ಲಿ ಕರಗಿಕೊಂಡು ತುಂಬಾ ಹೊತ್ತು ಇರಲ್ಲ. ಜೇಡಿಮಣ್ಣಿನ ಕಣ, ಕೊಳೆತ ಎಲೆ-ಕಸ, ಕಬ್ಬಿಣ-ಮ್ಯಾಂಗನೀಸಿನ ತುಕ್ಕು, ಇವುಗಳ ಮೈಗೆ ಅಂಟಿಕೊಳ್ಳುತ್ತವೆ. ಹರಿಯುವ ಕಡೆ ಆ ಕಣ ಜೊತೆಗೇ ಹೋಗುತ್ತದೆ. ಡ್ಯಾಂಗೆ ಬಂದ ತಕ್ಷಣ ನೀರು ನಿಧಾನ ಆಗುತ್ತದೆ, ಕಣ ತಳಕ್ಕೆ ಕೂರುತ್ತದೆ. ಹಾಗಾಗಿ ನೀರಿನ ರಿಪೋರ್ಟ್ ಅಂದರೆ ಕೈಯಲ್ಲಿರುವ ಚಿಲ್ಲರೆ, ಹೂಳು ಅಂದರೆ ವರ್ಷಗಟ್ಟಲೆ ಬರೆದಿಟ್ಟ ಸಾಲದ ಪುಸ್ತಕ. ಚಿಲ್ಲರೆ ಎಣಿಸಿ ಸಾಲ ಇಲ್ಲ ಅನ್ನಲಿಕ್ಕೆ ಬರಲ್ಲ.

ಇನ್ನೊಂದು ಮಾತು. ಮರಳಿಗಿಂತ ನುಣ್ಣನೆ ಗೋಡಿನಲ್ಲಿ ಲೋಹ ಜಾಸ್ತಿ, ಯಾಕೆಂದರೆ ಕಣ ಸಣ್ಣದಾದಷ್ಟೂ ಅಂಟುವ ಮೈ ಜಾಸ್ತಿ. ರೈತರಿಗೆ ಬೇಕಾಗಿರೋದೂ ಆ ನುಣ್ಣನೆ ಗೋಡೇ. ಅದೇ ತೊಂದರೆ.

ಲೆಕ್ಕಪತ್ರ (ಬಳ್ಳಾರಿ)

ಮೇಡಂ, ವಿವರಣೆ ಚೆನ್ನಾಗಿದೆ. ಆದರೆ ನನಗೆ ಈ 'ಹೆವಿ ಮೆಟಲ್' ಸುದ್ದಿಗಳ ಮೇಲೇ ಸಿಟ್ಟು. 'ಮಿತಿಗಿಂತ ಮೂರು ಪಟ್ಟು' ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಯಾವ ಮಿತಿ? ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಿತಿ ಇದೆ, ಸೀಸ ಲೀಟರ್‌ಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003. ನದಿ ಹೂಳಿಗೆ ನಮ್ಮ ದೇಶದಲ್ಲಿ ಅಂಥ ಮಿತಿ ಎಲ್ಲಿದೆ? ಮತ್ತೆ ಯಾವುದರ ಮೂರು ಪಟ್ಟು?

ಗುಡ್ಡದ_ಸೆರಗು (ಸಂಡೂರು)

ಲೆಕ್ಕಪತ್ರ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಮೈನ್ಸ್‌ನಲ್ಲಿ ಜಿಯಾಲಜಿ ಕೆಲಸ ಮಾಡಿ ಬಿಟ್ಟವನು. ಉತ್ತರ ನಮ್ಮ ಕಲ್ಲಿನಲ್ಲೇ ಇದೆ.

ಹೆಚ್ಚಿನವರು ಹೋಲಿಸೋದು 1961ರಲ್ಲಿ ಟ್ಯುರೇಕಿಯನ್ ಮತ್ತು ವೆಡೆಪೋಲ್ ಕೊಟ್ಟ 'ಶೇಲ್ ಸರಾಸರಿ' ಜೊತೆಗೆ. ಶೇಲ್ ಅಂದರೆ ಕೆಸರು ಗಟ್ಟಿಯಾಗಿ ಆದ ಪದರಗಲ್ಲು. ಕೆಜಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕ್ರೋಮಿಯಂ 90, ನಿಕ್ಕಲ್ 68, ತಾಮ್ರ 45, ಸತು 95, ಸೀಸ 20, ಆರ್ಸೆನಿಕ್ 13, ಕ್ಯಾಡ್ಮಿಯಂ 0.3. ಇಡೀ ಪ್ರಪಂಚದ ಸರಾಸರಿ ಅದು. ನಮ್ಮ ಕಡೆ ಕಲ್ಲು ಪ್ರಪಂಚದ ಸರಾಸರಿ ಅಲ್ಲ.

ಸಂಡೂರಿನ ಗುಡ್ಡಗಳು, ಹಟ್ಟಿ-ಮಸ್ಕಿ ಕಡೆಯ ಪಟ್ಟಿ, ಇವೆಲ್ಲ ಗ್ರೀನ್‌ಸ್ಟೋನ್ ಪಟ್ಟಿಗಳು. ಬಹಳ ಹಳೆಯ ಲಾವಾದಿಂದ ಆದ ಕಲ್ಲು. ಅದರಲ್ಲಿ ಕ್ರೋಮಿಯಂ, ನಿಕ್ಕಲ್ ಹುಟ್ಟಿನಿಂದಲೇ ಜಾಸ್ತಿ. ಅಲ್ಲಿಂದ ಬಂದ ಹಳ್ಳದ ಮಣ್ಣಿನಲ್ಲಿ ಕ್ರೋಮಿಯಂ ಎರಡು ಪಟ್ಟು ಬಂದರೆ ಗಾಬರಿ ಬೀಳಬೇಕಾಗಿಲ್ಲ, ಯಾವ ಫ್ಯಾಕ್ಟರಿಯೂ ಇಲ್ಲದ ಕಾಲದಲ್ಲೂ ಅಷ್ಟೇ ಇತ್ತು. ಇನ್ನೊಂದು ಕಡೆ ಕೊಪ್ಪಳ, ರಾಯಚೂರಿನ ಬಹುಪಾಲು ಜಾಗ ಗ್ರಾನೈಟ್, ಇಲ್ಲವೇ ನೈಸ್ ಅನ್ನೋ ಪಟ್ಟೆಗಲ್ಲು. ಅದರಲ್ಲಿ ಕ್ರೋಮಿಯಂ, ನಿಕ್ಕಲ್ ಕಡಿಮೆ. ಅಲ್ಲಿನ ಹಳ್ಳದಲ್ಲಿ ಶೇಲ್ ಸರಾಸರಿಯಷ್ಟೇ ನಿಕ್ಕಲ್ ಬಂದರೆ, ರಿಪೋರ್ಟ್ 'ಮಾಲಿನ್ಯ ಇಲ್ಲ' ಅನ್ನುತ್ತದೆ. ನಿಜವಾಗಿ ಎಲ್ಲಿಂದಲೋ ಬಂದು ಸೇರಿರುತ್ತದೆ. ಒಂದೇ ಅಳತೆಗೋಲು ಇಟ್ಟುಕೊಂಡು ಒಂದು ಕಡೆ ಸುಳ್ಳು ಗಾಬರಿ, ಇನ್ನೊಂದು ಕಡೆ ಸುಳ್ಳು ಸಮಾಧಾನ.

ಬಳ್ಳಾರಿ ಕಡೆಗೆ ಇನ್ನೊಂದು ಸಿಕ್ಕು ಇದೆ. ಲೋಹ 'ಹೆಚ್ಚಾಗಿದೆಯಾ' ಅಂತ ನೋಡಲು ಎನ್‌ರಿಚ್‌ಮೆಂಟ್ ಫ್ಯಾಕ್ಟರ್ ಅಂತ ಒಂದು ಲೆಕ್ಕ ಮಾಡುತ್ತಾರೆ. ಅದರಲ್ಲಿ ಎಲ್ಲವನ್ನೂ ಅಲ್ಯೂಮಿನಿಯಂ ಅಥವಾ ಕಬ್ಬಿಣದಿಂದ ಭಾಗಿಸುತ್ತಾರೆ. ಕಬ್ಬಿಣ ಮನುಷ್ಯರಿಂದ ಅಷ್ಟಾಗಿ ಬದಲಾಗಲ್ಲ ಅನ್ನೋ ನಂಬಿಕೆ. ಸಂಡೂರಿನಲ್ಲಿ ಆ ನಂಬಿಕೆ ನಡೆಯುತ್ತಾ? ಇಲ್ಲಿ ಧೂಳೇ ಕಬ್ಬಿಣ. ಅದಿರಿನ ಪುಡಿ ಸೇರಿ ಕಬ್ಬಿಣ ಏರಿದರೆ, ಅದರಿಂದ ಭಾಗಿಸಿದ ಸೀಸ, ತಾಮ್ರ ಎಲ್ಲಾ ಪೇಪರ್ ಮೇಲೆ ಇಳಿದು ಹೋಗುತ್ತವೆ. ಗಣಿ ಧೂಳೇ ಮಾಲಿನ್ಯವನ್ನು ಮುಚ್ಚಿಹಾಕಿದಂತೆ. ನಮ್ಮ ಜಿಲ್ಲೆಯ ಯಾವ ರಿಪೋರ್ಟ್ ಕೈಗೆ ಬಂದರೂ ನಾನು ಮೊದಲು ನೋಡೋದು ಯಾವುದರಿಂದ ಭಾಗಿಸಿದ್ದಾರೆ ಅಂತ. ಕಬ್ಬಿಣ ಅಂತಿದ್ದರೆ ಆ ಕಾಲಂ ಬಿಟ್ಟು ಮುಂದೆ ಹೋಗುತ್ತೇನೆ.

ಎರೆ_ಗದ್ದೆ (ಸಿಂಧನೂರು)

ಸರ್, ನಿಮ್ಮ ಸಂಡೂರಿನ ನಾರಿಹಳ್ಳ ಕೆಂಪಗೆ ಹರಿಯುವುದನ್ನು ನಾನೇ ನೋಡಿದ್ದೇನೆ. ಅದು ವಿಷವಾ ಅಲ್ವಾ, ಒಂದು ಮಾತಲ್ಲಿ ಹೇಳಿ.

ಗುಡ್ಡದ_ಸೆರಗು (ಸಂಡೂರು)

ಒಂದು ಮಾತಲ್ಲಿ ಅಂದರೆ, ಕೆಂಪು ಬಣ್ಣ ವಿಷ ಅಲ್ಲ. ಅದು ಕಬ್ಬಿಣದ ತುಕ್ಕು. ಆದರೆ ಕೆಡಕು ಮಾಡಲ್ಲ ಅಂತ ಅಲ್ಲ. ನುಣ್ಣನೆ ಪುಡಿ ತಳದ ಕಲ್ಲು-ಮರಳಿನ ಸಂದೆಲ್ಲ ಮುಚ್ಚುತ್ತದೆ, ಮೀನಿನ ಮೊಟ್ಟೆ ಉಸಿರು ಕಟ್ಟುತ್ತವೆ. ಗದ್ದೆಗೆ ಬಂದರೆ ಮೇಲೆ ಹೆಪ್ಪುಗಟ್ಟುತ್ತದೆ, ಮೊಳಕೆ ಏಳಲ್ಲ.

2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಅಕ್ರಮ ಕಡಿಮೆ ಇದ್ದ ಎ, ಬಿ ವರ್ಗದ ಗಣಿಗಳಿಗೆ ಮತ್ತೆ ದಾರಿ ಬಿಟ್ಟು, ಅಕ್ರಮ ಜಾಸ್ತಿ ಇದ್ದ ಸಿ ವರ್ಗದವನ್ನು ರದ್ದು ಮಾಡಿತು. ಆಗ ಹಾಕಿದ ಷರತ್ತುಗಳಲ್ಲಿ ಗಣಿ ಮಣ್ಣಿನ ಡಂಪ್ (ರಾಶಿ) ಕೆಳಗೆ ತಡೆಗೋಡೆ, ಹಳ್ಳಕ್ಕೆ ಚೆಕ್ ಡ್ಯಾಂ ಎಲ್ಲಾ ಇದ್ದವು. ಆ ಚೆಕ್ ಡ್ಯಾಂಗಳು ತುಂಬಿದ ಮೇಲೆ ಅದರ ಹೂಳು ಎಲ್ಲಿಗೆ ಹೋಗಬೇಕು? ಅದನ್ನು ಮಾತ್ರ ಯಾರೂ ಕೇಳಲ್ಲ.

ಲ್ಯಾಬ್_ಕೋಟು (ರಾಯಚೂರು)

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 'ಎಷ್ಟು ಪಟ್ಟು' ಅನ್ನೋದರ ಜೊತೆ 'ಯಾವ ಲೋಹ' ಅನ್ನೋದೂ ಮುಖ್ಯ. 1980ರಲ್ಲಿ ಹಾಕನ್ಸನ್ ಅನ್ನೋ ಸ್ವೀಡನ್ನಿನ ವಿಜ್ಞಾನಿ ಇದಕ್ಕೊಂದು ತೂಕ ಕೊಟ್ಟರು. ಪಾದರಸಕ್ಕೆ 40, ಕ್ಯಾಡ್ಮಿಯಂಗೆ 30, ಆರ್ಸೆನಿಕ್‌ಗೆ 10, ಸೀಸ-ತಾಮ್ರಕ್ಕೆ 5, ಕ್ರೋಮಿಯಂಗೆ 2, ಸತುವಿಗೆ 1.

ಹೂಳಿನಲ್ಲಿ ಕ್ಯಾಡ್ಮಿಯಂ 0.9 ಬಂತು ಅಂದುಕೊಳ್ಳಿ. ಇದು ಬರೀ ಉದಾಹರಣೆ, ಯಾವ ಜಾಗದ್ದೂ ಅಲ್ಲ. ಶೇಲ್‌ನ 0.3ಕ್ಕೆ ಹೋಲಿಸಿದರೆ ಮೂರು ಪಟ್ಟು. 30ರಿಂದ ಗುಣಿಸಿದರೆ 90. ಒಂದು ಲೋಹಕ್ಕೆ 40ರೊಳಗೆ ಇದ್ದರೆ ಅಪಾಯ ಕಡಿಮೆ, 80 ದಾಟಿದರೆ ಗಂಭೀರ. ಈಗ ಕ್ರೋಮಿಯಂ 270 ಬಂತು ಅನ್ನಿ. ಅದೂ ಮೂರೇ ಪಟ್ಟು. 2ರಿಂದ ಗುಣಿಸಿದರೆ 6. ಪತ್ರಿಕೆಯಲ್ಲಿ ಮಾತ್ರ 270 ದೊಡ್ಡದಾಗಿ ಬರುತ್ತದೆ, 0.9 ಕಣ್ಣಿಗೇ ಬೀಳಲ್ಲ.

ಎಲ್ಲಾ ಲೋಹದ್ದನ್ನೂ ಕೂಡಿದರೆ ಒಟ್ಟು ಸೂಚ್ಯಂಕ. 150ರೊಳಗೆ ಕಡಿಮೆ, 300ರವರೆಗೆ ಮಧ್ಯಮ, 600 ದಾಟಿದರೆ ತುಂಬಾ ಜಾಸ್ತಿ. ಹಾಕನ್ಸನ್ ಲೆಕ್ಕದಲ್ಲಿ ಮ್ಯಾಂಗನೀಸ್ ಇಲ್ಲ. ಸಂಡೂರಲ್ಲಿ ಮ್ಯಾಂಗನೀಸ್ ಅದಿರು, ಬಳ್ಳಾರಿಯಲ್ಲಿ ಜೀನ್ಸ್ ಬಣ್ಣ ಮಾಸಿಸಲು ಪೊಟ್ಯಾಸಿಯಂ ಪರ್ಮಾಂಗನೇಟ್. ನಮ್ಮ ಭಾಗಕ್ಕೆ ಬೇಕಾದ ಲೋಹವೇ ಸೂತ್ರದಲ್ಲಿ ಬಿಟ್ಟುಹೋಗಿದೆ. ಹಾಗಾಗಿ ಬೇರೆ ದೇಶದ ಸೂತ್ರವನ್ನು ಹಾಗೆ ಹಾಗೇ ತಂದು ಹಚ್ಚುವವರ ಮೇಲೆ ನನಗೂ ಸ್ವಲ್ಪ ಅನುಮಾನ.

ಬಲೆ_ಕಂಪ್ಲಿ

ನೀವೆಲ್ಲಾ ಹೊಲದ ಮಾತೇ ಆಡ್ತೀರಿ. ನಾವು ಮೀನಿನವರು. ನನಗೆ ಸೂತ್ರ ಗೊತ್ತಿಲ್ಲ, ಕೆಸರು ಗೊತ್ತು.

ಹೊಳೆ ಮಡುವಿನಲ್ಲಿ ಬೇಸಿಗೆಯಲ್ಲಿ ದೋಣಿಯ ಹುಟ್ಟು ಹಾಕಿ ಎತ್ತಿದರೆ ಮೇಲೆ ಒಂದು ಬೆರಳು ದಪ್ಪ ಕಂದು ಗೋಡು ಇರುತ್ತದೆ. ಅದರ ಕೆಳಗೆ ಕರ್ರಗೆ, ಕಾಡಿಗೆ ಥರ. ಕೊಳೆತ ಮೊಟ್ಟೆ ವಾಸನೆ. ಆ ಕರಿ ಗೋಡನ್ನು ದಂಡೆ ಮೇಲೆ ಹಾಕಿದರೆ ಎರಡು ದಿನಕ್ಕೆ ಬಣ್ಣ ತಿರುಗಿ ಇಟ್ಟಿಗೆ ಕಂದು ಆಗುತ್ತದೆ. ಅದು ಯಾಕೆ? ಮತ್ತೆ ಮೃಗಾಲ್, ಕಾಮನ್ ಕಾರ್ಪ್ ಎರಡೂ ತಳದಲ್ಲೇ ಕೆದಕಿ ತಿನ್ನುತ್ತವೆ. ಕಾಟ್ಲಾ ಮೇಲ್ಮೈ ಮೀನು. ತಿನ್ನುವವರಿಗೆ ವ್ಯತ್ಯಾಸ ಇದೆಯಾ?

ನಮ್ಮಲ್ಲಿ ನೀರುನಾಯಿಗಳೂ ಇದಾವೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಮಾಡಿದ್ದಾರೆ. ಬಲೆ ಹರಿದು ಮೀನು ತಿಂದು ಹೋಗ್ತಾವೆ, ಬೈಯುತ್ತೇವೆ, ಆದರೂ ಹೊಳೆ ಅಂದಮೇಲೆ ಅವೂ ಇರಬೇಕಲ್ಲ. ಅವು ದಿನಾ ಮೀನೇ ತಿನ್ನುವವು. ಅವಕ್ಕೆ ಏನಾಗುತ್ತೆ ಅಂತ ಯಾರಾದ್ರೂ ನೋಡಿದ್ದಾರಾ?

ಲ್ಯಾಬ್_ಕೋಟು (ರಾಯಚೂರು)

ಕಂಪ್ಲಿ ಅಣ್ಣಾ, ನಿಮ್ಮ ಹುಟ್ಟು ಒಂದು ಪುಸ್ತಕದಷ್ಟು ಹೇಳಿತು.

ಮೇಲಿನ ಕಂದು ಪದರಕ್ಕೆ ಆಮ್ಲಜನಕ ಸಿಗುತ್ತದೆ. ಅಲ್ಲಿ ಕಬ್ಬಿಣ ತುಕ್ಕಿನ ರೂಪದಲ್ಲಿದ್ದು ಆರ್ಸೆನಿಕ್, ಸೀಸ, ತಾಮ್ರವನ್ನು ಹಿಡಿದುಕೊಂಡಿರುತ್ತದೆ. ಕೆಳಗಿನ ಕರಿ ಪದರಕ್ಕೆ ಗಾಳಿ ಇಲ್ಲ. ಅಲ್ಲಿ ತುಕ್ಕು ಕರಗಿ, ಹಿಡಿದಿದ್ದ ಆರ್ಸೆನಿಕ್ ಬಿಡುಗಡೆ ಆಗುತ್ತದೆ. ಆದರೆ ಕ್ಯಾಡ್ಮಿಯಂ, ಸೀಸ, ಸತು ಅಲ್ಲಿ ಗಂಧಕದ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತವೆ. ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡ್‌ನದ್ದು, ವಾಸನೆ ಹೈಡ್ರೋಜನ್ ಸಲ್ಫೈಡ್‌ನದ್ದು. ನೀವು ಅದನ್ನು ದಂಡೆಗೆ ಹಾಕಿದಾಗ ಗಾಳಿ ತಾಗಿ ಸಲ್ಫೈಡ್ ಒಡೆಯುತ್ತದೆ, ಬಣ್ಣ ತಿರುಗುತ್ತದೆ. ಅದೇ ಹೊತ್ತಿಗೆ ಗಟ್ಟಿ ಕೂತಿದ್ದ ಕ್ಯಾಡ್ಮಿಯಂ, ಸತು ಸಡಿಲ ಆಗುತ್ತವೆ. ಮಸಾರಿ ಅಣ್ಣಾ ಗಮನಿಸಿ, ಹೂಳನ್ನು ಎತ್ತುವುದೇ ಅದರ ಸ್ವಭಾವ ಬದಲಿಸುವ ಕೆಲಸ. ತಳದಲ್ಲಿ ಇದ್ದಾಗ ಸುಮ್ಮನಿದ್ದದ್ದು ಹೊಲದಲ್ಲಿ ಸುಮ್ಮನಿರುತ್ತೆ ಅಂತ ಹೇಳಲಿಕ್ಕೆ ಆಗಲ್ಲ.

ಮೀನಿನ ವಿಷಯಕ್ಕೆ ಬಂದರೆ, ತಳ ಕೆದಕುವ ಮೀನು ಗೋಡನ್ನೇ ನುಂಗುವುದರಿಂದ ಅದಕ್ಕೆ ಜಾಸ್ತಿ ಸಿಗುತ್ತದೆ. ಕ್ಯಾಡ್ಮಿಯಂ, ಸೀಸ ಮಾಂಸಕ್ಕಿಂತ ಲಿವರ್, ಮೂತ್ರಪಿಂಡ, ಕಿವಿರು, ಮೂಳೆಯಲ್ಲಿ ಕೂರುತ್ತವೆ. ಒಳಗಿನದ್ದನ್ನು ಚೆನ್ನಾಗಿ ತೆಗೆದು ತೊಳೆದು ತಿನ್ನುವುದು ಒಳ್ಳೆಯದು. ಪಾದರಸ ಮಾತ್ರ ಬೇರೆ ಜಾತಿ. ಅದು ತಳದ ಕೆಸರಿನಲ್ಲಿ ಮೀಥೈಲ್ ಪಾದರಸ ಆಗಿ ಮಾಂಸದಲ್ಲೇ ಕೂರುತ್ತದೆ. ಹುಳದಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಏರುತ್ತಾ ಹೋಗುತ್ತದೆ. ನೀರುನಾಯಿ ಆ ಸಾಲಿನ ತುದಿಯಲ್ಲಿದೆ, ಹಾಗಾಗಿ ನಿಮ್ಮ ಪ್ರಶ್ನೆ ತುಂಬಾ ಸರಿ. ಅದಕ್ಕೆ ನೀರುನಾಯಿ ಹಿಡಿಯಬೇಕಾಗಿಲ್ಲ, ಅದರ ಲದ್ದಿ ಸಾಕು. ಒಂದೇ ಜಾಗಕ್ಕೆ ಬಂದು ಹಾಕುವ ಅಭ್ಯಾಸ ಅವಕ್ಕಿದೆ.

 

ಹಟ್ಟಿ_ದಾರಿ (ಲಿಂಗಸುಗೂರು)

ಆರ್ಸೆನಿಕ್ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬಂಗಾರ ಇರುವ ಕಲ್ಲಿನಲ್ಲಿ ಆರ್ಸೆನೋಪೈರೈಟ್ ಅನ್ನೋ ಖನಿಜ ಜೊತೆಗೇ ಇರುತ್ತದೆ. ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿದ್ದು. ಅದಿರು ಕುಟ್ಟಿ ಬಂಗಾರ ತೆಗೆದ ಮೇಲೆ ಉಳಿಯುವ ಬಿಳಿ ಪುಡಿಯ ದಿಬ್ಬಗಳಲ್ಲಿ ಇದೂ ಉಳಿಯುತ್ತದೆ. ಗಾಳಿ, ಮಳೆಗೆ ಒಡೆಯುತ್ತದೆ.

ಪಕ್ಕದ ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಕೇಳಿದ್ದೀರಾ? ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿ ಮೀರಿ ಜನರ ಅಂಗೈ, ಅಂಗಾಲು ಗಂಟು ಕಟ್ಟಿದವು. ಚರ್ಮದ ರೋಗ ಬಂತು. ಹತ್ತಿರದಲ್ಲೇ ಮಂಗಳೂರು ಅನ್ನೋ ಊರ ಹಳೆಯ ಬಂಗಾರದ ಗಣಿ ಇದೆ, ಮುಚ್ಚಿ ಎಷ್ಟೋ ಕಾಲ ಆಗಿದೆ. ಕರಾವಳಿಯ ಮಂಗಳೂರು ಅಲ್ಲ ಮತ್ತೆ.

ನನ್ನ ಮಾತು ಇಷ್ಟೇ. ಕಲ್ಲಿನಲ್ಲೇ ಇದ್ದದ್ದು, 'ನೈಸರ್ಗಿಕ' ಅಂತ ಹೇಳಿ ಕೈ ತೊಳೆದುಕೊಳ್ಳಬೇಡಿ. ಕುಡಿದವರ ಅಂಗೈಗೆ ಅದು ನೈಸರ್ಗಿಕವೋ ಅಲ್ಲವೋ ಗೊತ್ತಾಗಲ್ಲ.

ಗುಡ್ಡದ_ಸೆರಗು (ಸಂಡೂರು)

ಒಪ್ಪಿದೆ. ನಾನು ಹೇಳಿದ್ದು ಕ್ರೋಮಿಯಂ, ನಿಕ್ಕಲ್ ಬಗ್ಗೆ. ಅವು ಕಲ್ಲಿನ ಖನಿಜದ ಒಳಗೆ ಸಿಕ್ಕಿಕೊಂಡಿದ್ದರೆ ಸುಲಭವಾಗಿ ಹೊರಬರಲ್ಲ. ಆರ್ಸೆನಿಕ್ ಹಾಗಲ್ಲ. ಅದಕ್ಕೇ ಒಟ್ಟು ಲೋಹ ಎಷ್ಟು ಅನ್ನೋದರ ಜೊತೆಗೆ ಎಷ್ಟು ಬಿಟ್ಟುಕೊಡುತ್ತದೆ ಅಂತಲೂ ನೋಡಬೇಕು. 1979ರ ಟೆಸಿಯರ್ ವಿಧಾನ ಇದಕ್ಕೇ ಇರೋದು. ಮೊದಲು ಮೆತ್ತನೆ ದ್ರಾವಣ, ಆಮೇಲೆ ಗಡುಸು ದ್ರಾವಣ, ಹೀಗೆ ಐದು ಹಂತದಲ್ಲಿ ತೊಳೆದು ಯಾವ ಹಂತದಲ್ಲಿ ಎಷ್ಟು ಬಂತು ಅಂತ ನೋಡುತ್ತಾರೆ. ಮೊದಲ ಎರಡು ಹಂತದಲ್ಲೇ ಬಂದರೆ ಹುಷಾರಾಗಿರಿ. ಕೊನೆಯದರಲ್ಲಿ ಬಂದರೆ ಅದು ಕಲ್ಲಿನ ಪಾಲು.

ಲೆಕ್ಕಪತ್ರ (ಬಳ್ಳಾರಿ)

ಹೊಲದ ಲೆಕ್ಕ ನಾನು ಹಾಕುತ್ತೇನೆ. ಒಂದು ಎಕರೆಗೆ ಒಂದು ಇಂಚು ಹೂಳು ಹರಡಿದರೆ ಸುಮಾರು 100 ಘನ ಮೀಟರ್. ಆರು ಇಂಚು ಮಣ್ಣಿನ ಜೊತೆ ಉಳುಮೆಯಲ್ಲಿ ಬೆರೆತರೆ ಹೂಳಿನ ಪಾಲು ಏಳರಲ್ಲಿ ಒಂದು. ಮೇಡಂ ಕೊಟ್ಟ 0.9 ಕ್ಯಾಡ್ಮಿಯಂನೇ ಇಟ್ಟುಕೊಳ್ಳಿ, ಹೊಲದ್ದು 0.1 ಅನ್ನಿ. ಬೆರೆತ ಮೇಲೆ 0.21. ಇದಕ್ಕೆ ಇಷ್ಟು ಗದ್ದಲ ಬೇಕಾ? ಡಿಎಪಿ ಚೀಲದಲ್ಲೂ ಸ್ವಲ್ಪ ಕ್ಯಾಡ್ಮಿಯಂ ಇರುತ್ತದೆ, ಅದನ್ನು ಯಾರೂ ಕೇಳಲ್ಲ.

ಲ್ಯಾಬ್_ಕೋಟು (ರಾಯಚೂರು)

ಲೆಕ್ಕ ಸರಿ ಇದೆ ಸರ್. ಆದರೆ 0.1 ಇದ್ದದ್ದು 0.21 ಆಯ್ತು, ಅಂದರೆ ಎರಡು ಪಟ್ಟು, ಒಂದೇ ಸಲಕ್ಕೆ. ಮುಂದಿನ ಬೇಸಿಗೆಗೆ ಮತ್ತೆ ಹೊಡೆಸಿದರೆ ಮತ್ತೆ ಏರುತ್ತದೆ. ಯೂರಿಯಾ ಥರ ಬೆಳೆ ತಿಂದು ಖಾಲಿ ಮಾಡುವ ವಸ್ತು ಅಲ್ಲ ಇದು. ಮತ್ತೆ ಯಾವ ಬೆಳೆ ಅನ್ನೋದೂ ಇದೆ. ಸೊಪ್ಪಿನ ಎಲೆಗೆ ಕ್ಯಾಡ್ಮಿಯಂ ಬೇಗ ಏರುತ್ತದೆ. ಕಾಳಿಗೆ, ಹಣ್ಣಿಗೆ ಅಷ್ಟು ಹೋಗಲ್ಲ. ಮಸಾರಿ ಅಣ್ಣಾ ಅಲ್ಲಿ ಪಾಲಕ್, ಮೆಂತ್ಯ ಹಾಕುತ್ತಾರಾ, ದಾಳಿಂಬೆ ಹಾಕುತ್ತಾರಾ ಅಂತ ಕೇಳದೆ ಉತ್ತರ ಇಲ್ಲ.

ಮಸಾರಿ_ಹೊಲ (ಕೊಪ್ಪಳ)

ಮೇಡಂ, ಸೊಪ್ಪು, ಟೊಮೆಟೊ, ಮೆಣಸಿನಕಾಯಿ. ಕೊಪ್ಪಳ ಸಂತೆಗೆ ಹೋಗುತ್ತದೆ. ದಾಳಿಂಬೆ ತೆಗೆದುಬಿಟ್ಟೆ, ಅಂಗಮಾರಿ ಬಂದು ಕೈ ಸುಟ್ಟಿತು.

ಎರೆ_ಗದ್ದೆ (ಸಿಂಧನೂರು)

ನನಗೂ ಈಗ ಅನುಮಾನ ಬಂತು. ನಮ್ಮ ಗದ್ದೆಗೆ ಎಡದಂಡೆ ಕಾಲುವೆಯಿಂದ ಅದೇ ನೀರು, ಅದೇ ಗೋಡು ವರ್ಷ ವರ್ಷ ಬರುತ್ತಿದೆ. ನಮ್ಮದು ಎರೆ, ಕಪ್ಪು ಮಣ್ಣು. ಸಾಯಿಲ್ ಹೆಲ್ತ್ ಕಾರ್ಡ್‌ನಲ್ಲಿ 'ಸತು ಕೊರತೆ' ಅಂತ ಬರೆದಿದ್ದಾರೆ, ಜಿಂಕ್ ಸಲ್ಫೇಟ್ ಹಾಕುತ್ತಲೇ ಇದ್ದೇನೆ. ಒಂದು ಕಡೆ ಸತು ಮಾಲಿನ್ಯ ಅಂತೀರಿ, ಇನ್ನೊಂದು ಕಡೆ ದುಡ್ಡು ಕೊಟ್ಟು ಹಾಕಿ ಅಂತೀರಿ. ಯಾವುದು ನಿಜ?

ಲ್ಯಾಬ್_ಕೋಟು (ರಾಯಚೂರು)

ಎರಡೂ ನಿಜ. ಎರೆಯಲ್ಲಿ ಸುಣ್ಣದಂಶ ಇದೆ, ರಸಸಾರ (ಪಿಎಚ್) 8ರ ಮೇಲೆ. ಅಲ್ಲಿ ಸತು ಇದ್ದರೂ ಬೇರಿಗೆ ಸಿಗದ ಹಾಗೆ ಗಟ್ಟಿ ಕೂರುತ್ತದೆ. ಕ್ಯಾಡ್ಮಿಯಂ, ಸೀಸಕ್ಕೂ ಹಾಗೇ ಆಗುತ್ತದೆ, ಅದು ನಿಮ್ಮ ಅದೃಷ್ಟ. ಆದರೆ ಆರ್ಸೆನಿಕ್ ಸುಣ್ಣದ ಮಣ್ಣಿನಲ್ಲಿ ಅಷ್ಟು ಗಟ್ಟಿ ಕೂರಲ್ಲ. ಗದ್ದೆಯಲ್ಲಿ ನೀರು ನಿಂತಷ್ಟೂ ಹೊರಬರುತ್ತದೆ. ನೀರು ಕಟ್ಟಿ ಬಿಟ್ಟು ಮಾಡಿದರೆ ಆರ್ಸೆನಿಕ್ ಇಳಿಯುತ್ತದೆ, ಆದರೆ ಗದ್ದೆ ಒಣಗಿದಾಗ ಕ್ಯಾಡ್ಮಿಯಂ ಏರುತ್ತದೆ. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ.

ಮಸಾರಿಯಲ್ಲಿ ಸುಣ್ಣ ಕಡಿಮೆ, ಜೇಡಿ ಕಡಿಮೆ. ಹಿಡಿದಿಡಲು ಏನೂ ಇಲ್ಲ. ಹಾಗಾಗಿ ಅದೇ ಹೂಳು ನಿಮಗೆ ಒಂದು ಥರ, ಅವರಿಗೆ ಇನ್ನೊಂದು ಥರ.

ಹೆಲ್ತ್ ಕಾರ್ಡ್ ನಂಬಿ ಕೂರಬೇಡಿ ಅಂತಲೂ ಹೇಳಬೇಕು. ಅದರಲ್ಲಿ 12 ಅಂಶ ನೋಡುತ್ತಾರೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣ, ಸಾವಯವ ಇಂಗಾಲ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಪಟ್ಟಿಯಲ್ಲೇ ಇಲ್ಲ.

ಲೆಕ್ಕಪತ್ರ (ಬಳ್ಳಾರಿ)

ಸರಿ, ಟೆಸ್ಟ್ ಮಾಡಿಸಿದರು ಅನ್ನಿ. ರಿಪೋರ್ಟ್ ಬಂದಮೇಲೆ ಯಾವುದರ ಜೊತೆ ಇಟ್ಟು ನೋಡೋದು? ನನ್ನ ಮೊದಲ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಬಂದಿಲ್ಲ.

ಲ್ಯಾಬ್_ಕೋಟು (ರಾಯಚೂರು)

ಹತ್ತಿರದ ಭಾರತೀಯ ಅಳತೆ ಅಂದರೆ ರಸಗೊಬ್ಬರ ನಿಯಂತ್ರಣ ಆದೇಶ. ಅದರಲ್ಲಿ ನಗರದ ಕಸದಿಂದ ಮಾಡಿದ ಕಾಂಪೋಸ್ಟ್‌ಗೆ ಮಿತಿ ಇದೆ. ಕೆಜಿಗೆ ಮಿಲಿಗ್ರಾಂನಲ್ಲಿ ಕ್ಯಾಡ್ಮಿಯಂ 5, ಸೀಸ 100, ನಿಕ್ಕಲ್ 50, ಕ್ರೋಮಿಯಂ 50, ಆರ್ಸೆನಿಕ್ 10, ಪಾದರಸ 0.15, ತಾಮ್ರ 300, ಸತು 1000. ಆದರೆ ಕಾಂಪೋಸ್ಟನ್ನು ಎಕರೆಗೆ 100 ಘನ ಮೀಟರ್ ಯಾರೂ ಹಾಕಲ್ಲ, ಹಾಗಾಗಿ ಹೂಳಿಗೆ ಇದನ್ನು ಹೊರಗಿನ ಬೇಲಿ ಅಂತ ಇಟ್ಟುಕೊಳ್ಳಿ. ಹೊಳೆಯ ಜೀವಿಗಳ ದೃಷ್ಟಿಯಿಂದ ಆದರೆ 2000ದಲ್ಲಿ ಮ್ಯಾಕ್‌ಡೊನಾಲ್ಡ್ ಮತ್ತು ಜೊತೆಗಾರರು ಕೊಟ್ಟ ಅಂಕಿಗಳಿವೆ. ಕ್ಯಾಡ್ಮಿಯಂ 0.99ರ ಒಳಗಿದ್ದರೆ ತಳದ ಹುಳಗಳಿಗೆ ತೊಂದರೆ ಕಾಣುವುದು ಅಪರೂಪ, 4.98 ದಾಟಿದರೆ ತೊಂದರೆ ಬಹುಪಾಲು ಖಚಿತ. ಸೀಸಕ್ಕೆ 35.8 ಮತ್ತು 128.

ಅದೇ ಪಟ್ಟಿಯಲ್ಲಿ ನಿಕ್ಕಲ್‌ಗೆ 22.7 ಮತ್ತು 48.6. ಶೇಲ್ ಸರಾಸರಿಯೇ 68! ಸಂಡೂರು ಸರ್ ಹೇಳಿದ್ದು ಇಲ್ಲಿ ಮತ್ತೆ ಬರುತ್ತದೆ. ಊರ ಕಲ್ಲಿನ ಅಳತೆ ಇಲ್ಲದೆ ನಿಕ್ಕಲ್ ಬಗ್ಗೆ ಬಾಯಿ ಬಿಡಬಾರದು.

ಗುಡ್ಡದ_ಸೆರಗು (ಸಂಡೂರು)

ಅಳತೆ ಸಿಗೋದು ಕಷ್ಟ ಏನಲ್ಲ. ಹೂಳು ತೆಗೆಯುವ ಜಾಗದಲ್ಲೇ ಗುಂಡಿ ತೋಡಿ ಕೆಳಗಿನ ಹಳೆಯ ಪದರದ ಮಣ್ಣು ತೆಗೆಯಿರಿ. ಡ್ಯಾಂ 1953ರಲ್ಲಿ ಮುಗಿದದ್ದು. ಅದಕ್ಕೂ ಮುಂಚಿನ ಹೊಲದ ಮಣ್ಣು ಹೂಳಿನ ಅಡಿಯಲ್ಲಿ ಹಾಗೇ ಇರುತ್ತದೆ. ಹಿನ್ನೀರಿನ ಅಂಚಿನಲ್ಲಿ ಹೂಳು ತೆಳು, ಗುದ್ದಲಿಗೆ ಸಿಗುತ್ತದೆ. ಬಣ್ಣ, ಜಿಗುಟು ಬದಲಾಗುವ ಗೆರೆ ಕಣ್ಣಿಗೇ ಕಾಣುತ್ತದೆ. ಮೇಲಿನದಕ್ಕೂ ಕೆಳಗಿನದಕ್ಕೂ ಹೋಲಿಸಿದರೆ ಶೇಲ್ ಸರಾಸರಿಗಿಂತ ಎಷ್ಟೋ ಮೇಲು.

2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿ ಹೋದಾಗ 'ಹೂಳೂ ಹೋಯ್ತು ಬಿಡು' ಅಂತ ಒಬ್ಬರು ಅಂದಿದ್ದು ನೆನಪಾಯ್ತು. ಕ್ರೆಸ್ಟ್ ಗೇಟ್ ಇರೋದು ಮೇಲ್ಗಡೆ. ತಳದ ಹೂಳು ಅದಕ್ಕೆಲ್ಲ ಅಲ್ಲಾಡಲ್ಲ.

ಬಲೆ_ಕಂಪ್ಲಿ

ಗೋಡು ತೆಗೆಯೋದು ಹೇಗೆ ಅಂತ ಹೇಳಿ. ನಾನೂ ಮಡುವಿಂದ ಒಂದು ಚೀಲ ಕಳಿಸುತ್ತೇನೆ.

ಲ್ಯಾಬ್_ಕೋಟು (ರಾಯಚೂರು)

ಕಬ್ಬಿಣದ ಸಲಿಕೆ, ತಗಡಿನ ಡಬ್ಬಿ ಬೇಡ. ಪ್ಲಾಸ್ಟಿಕ್ ಚಮಚ ಅಥವಾ ಬಿದಿರಿನ ಸೀಳು. ಗುಂಡಿ ತೋಡಲು ಗುದ್ದಲಿ ಬಳಸಿದರೂ ಅದು ತಾಗಿದ ಮೇಲ್ಮೈಯನ್ನು ಬಿದಿರಿನಿಂದ ಕೆರೆದು ಹಾಕಿ, ಒಳಗಿನದ್ದನ್ನು ತೆಗೆಯಿರಿ. ಮೇಲಿನ ಎರಡು ಇಂಚು ಒಂದು ಚೀಲಕ್ಕೆ, ಕೆಳಗಿನ ಹಳೆ ಮಣ್ಣು ಇನ್ನೊಂದಕ್ಕೆ. ಒಂದೇ ಜಾಗದ್ದು ಸಾಲದು, ಐದಾರು ಕಡೆ ತೆಗೆದು ಬೆರೆಸಿ. ನೆರಳಲ್ಲಿ ಒಣಗಿಸಿ. ಒಲೆ ಮೇಲೆ, ಓವನ್‌ನಲ್ಲಿ ಬೇಡ, ಪಾದರಸ ಹಾರಿಹೋಗುತ್ತದೆ. ಚೀಲದ ಮೇಲೆ ಜಾಗ, ತಾರೀಖು ಪೆನ್ಸಿಲಲ್ಲಿ ಬರೆದ ಚೀಟಿ. ಇಂಕ್ ಅಳಿಸಿಹೋಗುತ್ತದೆ.

ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ಗುಣಮಟ್ಟ ಮತ್ತು ಕೀಟನಾಶಕ ಶೇಷ ಪರೀಕ್ಷೆಯ ಪ್ರಯೋಗಾಲಯ ಇದೆ, ಅಲ್ಲಿ ಮೊದಲು ವಿಚಾರಿಸಿ. ಕೇಳುವಾಗ 'ಸಾಯಿಲ್ ಟೆಸ್ಟ್' ಅಂದರೆ ಮತ್ತೆ ಅದೇ 12 ಅಂಶದ ಕಾರ್ಡ್ ಕೊಡುತ್ತಾರೆ. 'ಹೂಳಿನಲ್ಲಿ ಒಟ್ಟು ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್, ಕ್ರೋಮಿಯಂ, ನಿಕ್ಕಲ್, ತಾಮ್ರ, ಮ್ಯಾಂಗನೀಸ್, ಜೊತೆಗೆ ಅಲ್ಯೂಮಿನಿಯಂ' ಅಂತ ಬಿಡಿಸಿ ಕೇಳಿ. ಪಾದರಸಕ್ಕೆ ಬೇರೆ ಟೆಸ್ಟ್.

ಮಸಾರಿ_ಹೊಲ (ಕೊಪ್ಪಳ)

ಎಲ್ಲರಿಗೂ ಋಣಿ. ಮನೆಯಲ್ಲಿ ಮಾತಾಡಿದೆ. ಸೊಪ್ಪಿನ ಹೊಲಕ್ಕೆ ಈ ಬೇಸಿಗೆ ಹಿನ್ನೀರಿನ ಹೂಳು ಬೇಡ ಅಂತ ಆಗಿದೆ. ನಮ್ಮೂರ ಕೆರೆ ಮೇಲ್ಗಡೆ ಹೊಲ, ಗುಡ್ಡ ಬಿಟ್ಟು ಬೇರೇನಿಲ್ಲ, ಅದರದ್ದನ್ನು ಹೊಡೆಸುತ್ತೇವೆ. ಪಂಚಾಯ್ತಿಯಲ್ಲಿ ಕೇಳಿದ್ದೇನೆ. ಹಿನ್ನೀರಿನದ್ದು, ಕೆರೆಯದ್ದು, ಗುಂಡಿಯ ಹಳೆ ಮಣ್ಣು ಮೂರೂ ಟೆಸ್ಟಿಗೆ ಕೊಡುತ್ತೇನೆ. ಟ್ರ್ಯಾಕ್ಟರ್‌ನವ ಮಾತ್ರ ಮುನಿಸಿಕೊಂಡಿದ್ದಾನೆ, ಅವನಿಗೆ ಹಿನ್ನೀರಿನ ದೂರಕ್ಕೆ ಜಾಸ್ತಿ ಬಾಡಿಗೆ ಸಿಗುತ್ತಿತ್ತು.

ಲೆಕ್ಕಪತ್ರ (ಬಳ್ಳಾರಿ)

ಕೆರೆಯದ್ದು ಚೆನ್ನಾಗೇ ಇರುತ್ತೆ ಅಂತ ಈಗಲೇ ಅಂದುಕೊಳ್ಳಬೇಡಿ ಅಣ್ಣಾ. ಗಿಣಿಗೇರಾ ಕಡೆಯ ಕಾರ್ಖಾನೆಗಳ ಗಾಳಿ ನಿಮ್ಮೂರಿಗೂ ಬೀಸುತ್ತಾ ನೋಡಿ. ಮೇಲ್ಗಡೆ ಹೊಲ ಮಾತ್ರ ಇದ್ದರೂ ಕರಿ ಧೂಳು ಆಕಾಶದಿಂದ ಬೀಳಬಹುದು.

ಮಸಾರಿ_ಹೊಲ (ಕೊಪ್ಪಳ)

ಬೀಸುತ್ತೆ. ಬಟ್ಟೆ ಒಣಹಾಕಿದರೆ ಗೊತ್ತಾಗುತ್ತೆ. ಅದಕ್ಕೇ ಕೆರೆಯದ್ದೂ ಕೊಡುತ್ತಿರೋದು.

ಲ್ಯಾಬ್_ಕೋಟು (ರಾಯಚೂರು)

ಹಾಗಿದ್ದರೆ ರಿಪೋರ್ಟ್ ಬರುವವರೆಗೆ ಕೆರೆ ಹೂಳನ್ನೂ ಹೊಲದ ಮೂಲೆಯಲ್ಲಿ ಗುಡ್ಡೆ ಹಾಕಿಸಿ, ಹರಡಬೇಡಿ. ಹರಡಿದ ಮೇಲೆ ವಾಪಸ್ ಕೆರೆಯಲಿಕ್ಕೆ ಆಗಲ್ಲ. ರಿಪೋರ್ಟ್ ಬಂದಾಗ 'ಒಣ ತೂಕಕ್ಕೆ' ಅಂತ ಬರೆದಿದ್ದಾರಾ ನೋಡಿ, ಹಸಿ ತೂಕಕ್ಕಾದರೆ ಅಂಕಿ ಕಡಿಮೆ ಕಾಣುತ್ತದೆ. ಮೂರನ್ನೂ ಇಲ್ಲೇ ಹಾಕಿ, ಸಂಡೂರು ಸರ್ ಮತ್ತು ನಾನು ಕೂತು ನೋಡುತ್ತೇವೆ.